ಕೆಲಸವಿಲ್ಲದಾಗ ಪಡೆಯುವ ನೆರವು ಯಾರ ಹಂಗೂ ಅಲ್ಲ

ಸಂಪಾದಕರೇ,

ಕೆಲಸ ಸಿಗದವರು ಸರ್ಕಾರದ ಹಣ ತೆಗೆದುಕೊಳ್ಳುವುದು ದುಡಿಯುವವರ ಬೆವರು ಕದ್ದ ಹಾಗೆ ಎಂದು ನಿಮ್ಮ ಓದುಗರೊಬ್ಬರು ಬರೆದಿದ್ದರು. ಆ ಪತ್ರವನ್ನು ಮೂರು ಸಲ ಓದಿದೆ. ಬರೆದವರ ಮೇಲೆ ಸಿಟ್ಟು ಬರಲಿಲ್ಲ. ಯಾಕೆಂದರೆ ಎರಡು ವರ್ಷದ ಹಿಂದೆ ನಾನೂ ಇದೇ ಮಾತನ್ನು, ಹೆಚ್ಚು ಕಡಿಮೆ ಇದೇ ಪದಗಳಲ್ಲಿ, ಊಟದ ಬಿಡುವಿನಲ್ಲಿ ಜೊತೆಯವರ ಹತ್ತಿರ ಹೇಳುತ್ತಿದ್ದೆ. ಆಗ ನನಗೆ ಕೆಲಸ ಇತ್ತು. ಈಗ ಇಲ್ಲ. ಈಗ ಆ ಹಣವನ್ನು ನಾನೇ ಪಡೆಯುತ್ತಿದ್ದೇನೆ. ಹಾಗಾಗಿ ಉತ್ತರ ಕೊಡಬೇಕಾದವರಲ್ಲಿ ನಾನೂ ಒಬ್ಬ ಅನ್ನಿಸಿತು.

19 ವರ್ಷ ಒಂದೇ ಕಡೆ ಲೆಕ್ಕ ಬರೆದೆ. ಸಂಸ್ಥೆ ಕೈ ಬದಲಾಯಿತು, ಹೊಸಬರು ಲೆಕ್ಕದ ವಿಭಾಗವನ್ನೇ ಮುಚ್ಚಿದರು, ಒಂದು ಶುಕ್ರವಾರ ಮಧ್ಯಾಹ್ನ ಹನ್ನೊಂದು ಜನ ನಮ್ಮ ನಮ್ಮ ಚೀಲ ಹಿಡಿದು ಮನೆಗೆ ಬಂದೆವು. ಆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಹೇಳಬೇಕಾದ್ದು ಅದರ ನಂತರದ ಐದು ತಿಂಗಳ ಕಥೆ. ನಿರುದ್ಯೋಗ ಭತ್ಯೆ ಪಡೆಯುವ ಅರ್ಹತೆ ನನಗಿತ್ತು. ಅದು ಗೊತ್ತೂ ಇತ್ತು. ಆದರೂ ಐದು ತಿಂಗಳು ಅರ್ಜಿ ಹಾಕಲಿಲ್ಲ. ಯಾರ ಹಂಗೂ ಬೇಡ ಎನ್ನುವ ಮಾತು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಹಂಗು ಬೇಡ ಎಂದವನು ಆ ಐದು ತಿಂಗಳು ಬದುಕಿದ್ದು ಹೇಗೆ? ಉಳಿತಾಯ ಎರಡು ತಿಂಗಳಿಗೆ ಸಾಕಾಯಿತು. ಆಮೇಲೆ ಅಣ್ಣನ ಹತ್ತಿರ ಇಸಿದುಕೊಂಡೆ. ಅದಾದ ಮೇಲೆ ಒಬ್ಬ ಹಳೆಯ ಸ್ನೇಹಿತನ ಹತ್ತಿರ. ಇಬ್ಬರೂ ಒಳ್ಳೆಯವರೇ, ಕೇಳಿದ ತಕ್ಷಣ ಕೊಟ್ಟರು, ಯಾವಾಗ ವಾಪಸ್ ಕೊಡುತ್ತೀಯ ಎಂದು ಒಂದು ಸಲವೂ ಕೇಳಲಿಲ್ಲ. ಆದರೆ ನನ್ನ ನಡವಳಿಕೆ ಬದಲಾಯಿತು. ಅಣ್ಣ ತನ್ನ ಮಗಳ ಓದು ನಿಲ್ಲಿಸುವ ಮಾತಾಡಿದಾಗ ಬೇಡ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಅವನ ದುಡ್ಡಿನಲ್ಲಿ ಬದುಕುತ್ತಾ ಅವನ ಮನೆಯ ವಿಷಯಕ್ಕೆ ಹೇಗೆ ಬಾಯಿ ಹಾಕುವುದು ಅನ್ನಿಸಿತು. ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ನೆಲ ನೋಡುತ್ತಿದ್ದೆ.

ಇದಾದ ಕೆಲವು ದಿನಗಳಿಗೆ ಸ್ನೇಹಿತ ಫೋನ್ ಮಾಡಿದ. ತನ್ನ ವ್ಯಾಪಾರದ ಲೆಕ್ಕ ಸ್ವಲ್ಪ ಹೊಂದಿಸಿಕೊಡು ಎಂದ. ಹೊಂದಿಸು ಎಂದರೆ ಏನು ಎಂದು ಲೆಕ್ಕ ಬರೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಷ್ಟೂ ವರ್ಷ ಅಂಥ ಮಾತು ಯಾರಾದರೂ ಆಡಿದರೆ ಕೂತಲ್ಲೇ ಇಲ್ಲ ಎನ್ನುತ್ತಿದ್ದವನು ನಾನು. ಅವತ್ತು ಇಲ್ಲ ಎನ್ನಲಿಲ್ಲ. ನೋಡೋಣ ಎಂದೆ. ಆ ಒಂದು ಮಾತು ನನ್ನ ಬಾಯಿಂದ ಬಂತಲ್ಲ ಎಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅವನಿಗೆ ನಾನು ಎಷ್ಟು ಕೊಡಬೇಕು, ಇಲ್ಲ ಎಂದರೆ ಮುಂದಿನ ತಿಂಗಳಿಗೆ ಏನು ಮಾಡಬೇಕು, ಇದೇ ಲೆಕ್ಕ ತಲೆಯಲ್ಲಿ. ಬೆಳಿಗ್ಗೆ ಎದ್ದು ಭತ್ಯೆಯ ಅರ್ಜಿ ತುಂಬಿದೆ. ಮೊದಲ ಕಂತು ಬಂದ ದಿನ ಸ್ನೇಹಿತನಿಗೆ ಫೋನ್ ಮಾಡಿ ಆಗುವುದಿಲ್ಲ ಎಂದು ಹೇಳಿದೆ.

ಆವತ್ತೇ ನನಗೆ ಅರ್ಥವಾಗಿದ್ದು. ನಾನು ಹಂಗು ಎಂದು ದೂರ ಇಟ್ಟಿದ್ದ ಹಣದಲ್ಲಿ ಹಂಗು ಇರಲಿಲ್ಲ. ಹಂಗು ಇದ್ದದ್ದು ಹಂಗಲ್ಲ ಎಂದುಕೊಂಡು ಪಡೆದ ಹಣದಲ್ಲಿ. ಅಣ್ಣನಿಗೆ ಮುಖ ಇದೆ, ಸ್ನೇಹಿತನಿಗೆ ಮುಖ ಇದೆ, ಅವರ ಎದುರು ನನ್ನ ತಲೆ ತಾನಾಗಿ ಬಾಗುತ್ತದೆ. ಕಾನೂನಿನಲ್ಲಿ ಬರೆದಿಟ್ಟ ಭತ್ಯೆಗೆ ಮುಖ ಇಲ್ಲ. ಅದು ನನ್ನಿಂದ ಒಂದು ತಪ್ಪು ಸಹಿ ಕೇಳುವುದಿಲ್ಲ, ಮನೆಯಲ್ಲಿ ಮಾತಾಡಬೇಕಾದ ಕಡೆ ನನ್ನ ಬಾಯಿ ಮುಚ್ಚಿಸುವುದಿಲ್ಲ. ಕೇಳುವುದು ಎರಡೇ ವಿಷಯ. ನಿಜ ಹೇಳು, ಕೆಲಸ ಹುಡುಕು.

ಇದನ್ನು ಹಂಗಾಗಿ ಮಾಡಿದ್ದು ಜನ. ಅದೂ ಬೇಕೆಂದೇ. ಇಂಗ್ಲೆಂಡಿನಲ್ಲಿ 1834ರಲ್ಲಿ ಬಡವರಿಗೆ ನೆರವು ಕೊಡುವ ಕಾನೂನಿಗೆ ತಿದ್ದುಪಡಿ ತಂದಾಗ ಒಂದು ತತ್ವ ಇಟ್ಟುಕೊಂಡರು. ನೆರವು ಪಡೆಯುವವನ ಸ್ಥಿತಿ ದುಡಿಯುವ ಅತಿ ಬಡ ಕೂಲಿಯವನ ಸ್ಥಿತಿಗಿಂತಲೂ ಕೆಟ್ಟದಾಗಿ ಕಾಣಬೇಕು, ಆಗ ಯಾರೂ ಸುಮ್ನೆ ಕೈ ಚಾಚುವುದಿಲ್ಲ ಎಂದು. ನೆರವು ಬೇಕಾದವರು ಒಳಗೇ ಇದ್ದು ದುಡಿಯಬೇಕಾಗಿದ್ದ ವರ್ಕ್‌ಹೌಸ್ ಎಂಬ ಕಟ್ಟಡಗಳಿಗೆ ಬಂದವರಲ್ಲಿ ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಒಂದು ಕಡೆ, ಮಕ್ಕಳನ್ನು ಇನ್ನೊಂದು ಕಡೆ ಇರಿಸುತ್ತಿದ್ದರು. ನೆರವು ಕೊಡಬೇಕು, ಆದರೆ ಪಡೆದವನು ನಾಚಿಕೆಯಿಂದ ಸಾಯಬೇಕು, ಇದು ಆ ವ್ಯವಸ್ಥೆಯ ಲೆಕ್ಕಾಚಾರ. ಆ ಕಾನೂನು ಪೂರ್ತಿಯಾಗಿ ಹೋಗಿದ್ದು 1948ರಲ್ಲಿ. ಆದರೆ ಆ ನಾಚಿಕೆ ಕಾನೂನಿನ ಜೊತೆ ಹೋಗಲಿಲ್ಲ. ಅದು ದೇಶ ದಾಟಿ, ಭಾಷೆ ದಾಟಿ, ನಿಮ್ಮ ಓದುಗರ ಪತ್ರದವರೆಗೂ ಬಂದಿದೆ. ನನ್ನ ಊಟದ ಬಿಡುವಿನ ಮಾತಿನವರೆಗೂ ಬಂದಿತ್ತು.

ಅದೇ ದೇಶದಲ್ಲಿ 1931ರಲ್ಲಿ ಇನ್ನೊಂದು ನಿಯಮ ತಂದರು. ಕೆಲಸವಿಲ್ಲದವನ ಭತ್ಯೆ ಲೆಕ್ಕ ಹಾಕುವಾಗ ಮನೆಯ ಎಲ್ಲರ ದುಡಿಮೆ ಸೇರಿಸುವುದು. ಮಗನೋ ಮಗಳೋ ನಾಲ್ಕು ಕಾಸು ತಂದರೆ ಅಪ್ಪನ ಭತ್ಯೆಯಲ್ಲಿ ಅಷ್ಟು ಕಡಿತ. ಅಧಿಕಾರಿಗಳು ಮನೆಗೆ ಬಂದು ಸಾಮಾನು ಎಣಿಸುತ್ತಿದ್ದರು. ಅಪ್ಪನ ಭತ್ಯೆ ಉಳಿಯಲಿ ಎಂದು ಮಕ್ಕಳು ಮನೆ ಬಿಟ್ಟು ಬೇರೆ ಕಡೆ ವಾಸಕ್ಕೆ ಹೋದ ಸಂಸಾರಗಳೂ ಇದ್ದವು. ಇದನ್ನು ಓದಿದಾಗ ನನಗೆ ಅಣ್ಣನ ಮನೆಯ ಆ ಸಂಜೆ ನೆನಪಾಯಿತು. ದುಡಿಯುವ ಮಗನ ಎದುರು ಅಪ್ಪ ಪ್ರತಿ ಹೊತ್ತಿಗೂ ಲೆಕ್ಕ ಒಪ್ಪಿಸುವ ಹಾಗೆ ಮಾಡಿದರೆ ಆ ಮನೆಯಲ್ಲಿ ಯಾರಿಗೆ ನೆಮ್ಮದಿ? ಸರ್ಕಾರದ ಖರ್ಚು ಉಳಿಯಿತು, ನಿಜ. ಆ ಹಂಗಿನ ಭಾರ ಹೊತ್ತವರು ಮನೆಯವರು.

ಇನ್ನು ಬೆವರಿನ ಮಾತು. ಯಾರ ಬೆವರು ಎಂದು ಸ್ವಲ್ಪ ನೋಡೋಣ.

ಬ್ರಿಟನ್ನಿನಲ್ಲಿ 1911ರಲ್ಲಿ ರಾಷ್ಟ್ರೀಯ ವಿಮಾ ಕಾನೂನು ಬಂತು. ಕೆಲವು ಉದ್ಯಮಗಳ ಕಾರ್ಮಿಕರಿಗೆ ಕೆಲಸ ಹೋದರೆ ವಾರಕ್ಕೆ 7 ಶಿಲ್ಲಿಂಗ್, ವರ್ಷಕ್ಕೆ ಹೆಚ್ಚೆಂದರೆ 15 ವಾರ. ಆ ನಿಧಿಗೆ ಕಾರ್ಮಿಕ, ಮಾಲೀಕ, ಸರ್ಕಾರ ಮೂವರೂ ಹಣ ಹಾಕುತ್ತಿದ್ದರು. ಅಂದರೆ ಕೆಲಸ ಕಳೆದುಕೊಂಡವನು ಪಡೆಯುತ್ತಿದ್ದದ್ದರಲ್ಲಿ ತಾನೇ ಹಾಕಿದ್ದೂ ಇತ್ತು. ಇವತ್ತಿಗೂ ಬಹಳಷ್ಟು ದೇಶಗಳಲ್ಲಿ ನಿರುದ್ಯೋಗ ವಿಮೆ ನಡೆಯುವುದು ಇದೇ ರೀತಿ. ಮನೆಗೆ ಬೆಂಕಿ ಬಿದ್ದಾಗ ವಿಮೆ ಹಣ ಪಡೆದವನನ್ನು ಯಾರೂ ಕಳ್ಳ ಎನ್ನುವುದಿಲ್ಲ. ಕೆಲಸಕ್ಕೆ ಬೆಂಕಿ ಬಿದ್ದಾಗ ಮಾತ್ರ ಯಾಕೆ ಎನ್ನುತ್ತೇವೆ?

ಇದಕ್ಕೆ ಒಂದು ಎದುರು ಮಾತು ಇದೆ. ನೀನು 19 ವರ್ಷ ಕಟ್ಟಿದ್ದೀಯ, ಸರಿ, ಓದು ಮುಗಿಸಿ ಇನ್ನೂ ಒಂದು ದಿನವೂ ದುಡಿಯದ ಹುಡುಗ ಹುಡುಗಿಯರು ಏನು ಕಟ್ಟಿದ್ದಾರೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು. ಸೋಪು ಕೊಂಡವರೂ ತೆರಿಗೆ ಕಟ್ಟಿರುತ್ತಾರೆ, ಪೆನ್ನು ಕೊಂಡವರೂ ಕಟ್ಟಿರುತ್ತಾರೆ. ಸರಕಿನ ಬೆಲೆಯೊಳಗೆ ಸೇರಿದ ತೆರಿಗೆ ಕೊಳ್ಳುವವನಿಗೆ ಕೆಲಸ ಇದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಆ ಹುಡುಗ ಮುಂದೆ ಮೂವತ್ತು ನಲವತ್ತು ವರ್ಷ ತೆರಿಗೆ ಕಟ್ಟಬೇಕಾದವನು. ಶುರುವಿನಲ್ಲೇ ಅವನನ್ನು ಸಾಲದ ಬಾಯಿಗೆ ಹಾಕಿದರೆ, ಬಂದ ಯಾವುದೋ ಕೆಲಸಕ್ಕೆ ಬಂದಷ್ಟು ಕೂಲಿಗೆ ಕೊರಳು ಕೊಡುವ ಹಾಗೆ ಮಾಡಿದರೆ, ಓದಿದ್ದು ಅವನಿಗೂ ಉಪಯೋಗವಿಲ್ಲ, ನಮಗೂ ಇಲ್ಲ.

ಬೆವರಿನ ಲೆಕ್ಕದಲ್ಲಿ ಇನ್ನೊಂದು ಕಡೆಯೂ ಇದೆ. ಇದನ್ನು ನಾನು ಕೆಲಸ ಹೋದ ಮೇಲೆ, ಸಮಯ ಇದ್ದಾಗ, ಓದಿ ತಿಳಿದುಕೊಂಡೆ. 1979ರಲ್ಲಿ ಪಾಲ್ ವೋಲ್ಕರ್ ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾದರು. ಬೆಲೆಗಳು ಕೈಮೀರಿ ಏರುತ್ತಿದ್ದವು. ಅದನ್ನು ತಡೆಯಲು ಅವರು ಬಡ್ಡಿ ದರವನ್ನು ಏರಲು ಬಿಟ್ಟರು, 1981ರ ಹೊತ್ತಿಗೆ ಅದು ಶೇ 20ರ ಹತ್ತಿರ ಹೋಯಿತು. ಸಾಲ ದುಬಾರಿಯಾಯಿತು, ಕಾರ್ಖಾನೆಗಳು ಕೆಲಸ ನಿಲ್ಲಿಸಿದವು, 1982ರ ಕೊನೆಗೆ ಅಲ್ಲಿನ ನಿರುದ್ಯೋಗ ಶೇ 10.8 ಮುಟ್ಟಿತು. ಬೆಲೆ ಏರಿಕೆ ಇಳಿಯಿತು. ಅದರ ಲಾಭ ಎಲ್ಲರಿಗೂ ಸಿಕ್ಕಿತು, ಉಳಿತಾಯ ಇಟ್ಟವರಿಗೆ ಇನ್ನೂ ಜಾಸ್ತಿ ಸಿಕ್ಕಿತು. ಆದರೆ ಅದರ ಬೆಲೆ ತೆತ್ತವರು ಯಾರು? ಕೆಲಸ ಕಳೆದುಕೊಂಡವರು. ಆ ತೀರ್ಮಾನ ತಪ್ಪು ಎಂದು ನಾನು ಹೇಳುತ್ತಿಲ್ಲ. ಬೇರೆ ದಾರಿ ಇಲ್ಲದೆ ಇದ್ದಿರಬಹುದು. ಈಗಲೂ ಕೇಂದ್ರ ಬ್ಯಾಂಕುಗಳು ಬೆಲೆ ಏರಿಕೆ ತಡೆಯಲು ಬಡ್ಡಿ ಏರಿಸುತ್ತವೆ, ಹಾಗೆ ಮಾಡಿದಾಗ ಒಂದಷ್ಟು ಜನ ಕೆಲಸ ಕಳೆದುಕೊಳ್ಳಬಹುದು ಎಂದು ಗೊತ್ತಿದ್ದೇ ಏರಿಸುತ್ತವೆ. ಎಲ್ಲರ ಒಳಿತಿಗೆ ಕೆಲವರ ಕೆಲಸ ಹೋಗುವುದಾದರೆ, ಆ ಕೆಲವರನ್ನು ಎಲ್ಲರೂ ಸೇರಿ ಸ್ವಲ್ಪ ಕಾಲ ನೋಡಿಕೊಳ್ಳುವುದು ದಾನ ಹೇಗಾಗುತ್ತದೆ? ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಅದು ಬಾಕಿ. ಖರ್ಚಿನ ಕಡೆ ಬರೆಯಲೇಬೇಕಾದ ಬಾಕಿ.

ಕೆಲಸವಿಲ್ಲದವನು ಸೋಮಾರಿ ಎನ್ನುವವರಿಗೆ 2020 ನೆನಪಿಸಬೇಕು. ಆ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ನಿರುದ್ಯೋಗ ಶೇ 3.5 ಇತ್ತು. ಏಪ್ರಿಲ್‌ನಲ್ಲಿ ಶೇ 14ನ್ನೂ ದಾಟಿತು. ಎರಡು ತಿಂಗಳಲ್ಲಿ ಅಷ್ಟು ಕೋಟಿ ಜನರಿಗೆ ಒಟ್ಟಿಗೆ ಸೋಮಾರಿತನ ಹತ್ತಿತೇ? ಇಲ್ಲ ಅಲ್ವಾ. ರೋಗ ಬಂತು, ಬಾಗಿಲು ಮುಚ್ಚಿದವು. ನಮ್ಮ ಹನ್ನೊಂದು ಜನರ ವಿಷಯದಲ್ಲಿ ಬಾಗಿಲು ಮುಚ್ಚಿದ್ದು ಬೇರೆ ಕಾರಣಕ್ಕೆ, ಅಷ್ಟೇ ವ್ಯತ್ಯಾಸ. ಕೋಟಿ ಜನರಿಗೆ ಒಟ್ಟಿಗೆ ಆದರೆ ಅದು ವಿಪತ್ತು ಎನಿಸುತ್ತದೆ. ಹನ್ನೊಂದು ಜನರಿಗೆ ಆದರೆ ಅವರ ಹಣೆಬರಹ, ಒಬ್ಬನಿಗೇ ಆದರೆ ಅವನ ತಪ್ಪು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಆ ಪತ್ರದಲ್ಲಿ ಹೇಳಿದ್ದರು. ಕೂತು ಉಣ್ಣುವುದು ಸುಖ ಎಂದು ಅಂದುಕೊಂಡವರಿಗೆ ಆಸ್ಟ್ರಿಯಾದ ಮರಿಯೆಂಥಾಲ್ ಎಂಬ ಊರಿನ ಕಥೆ ಹೇಳಬೇಕು. ವಿಯೆನ್ನಾ ನಗರದ ಹತ್ತಿರದ ಊರು. ಊರಿಗೆಲ್ಲ ಕೆಲಸ ಕೊಡುತ್ತಿದ್ದದ್ದು ಒಂದು ಬಟ್ಟೆ ಗಿರಣಿ. ಜಗತ್ತಿನ ಆರ್ಥಿಕ ಕುಸಿತದ ಹೊಡೆತಕ್ಕೆ ಅದು ಮುಚ್ಚಿತು. ಮೇರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹ್ಯಾನ್ಸ್ ಜೈಸೆಲ್ ಎಂಬ ಸಂಶೋಧಕರು ಆ ಊರಿನವರ ಬದುಕನ್ನು ಹತ್ತಿರದಿಂದ ಗಮನಿಸಿ 1933ರಲ್ಲಿ ವರದಿ ಮಾಡಿದರು. ಕೈಯಲ್ಲಿ ಬೇಕಾದಷ್ಟು ಸಮಯ ಇದ್ದರೂ ಜನ ಗ್ರಂಥಾಲಯದಿಂದ ತರುವ ಪುಸ್ತಕಗಳು ಮೊದಲಿಗಿಂತ ಸುಮಾರು ಅರ್ಧಕ್ಕೆ ಇಳಿದಿದ್ದವು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಗಿತ್ತು, ನಡುನಡುವೆ ನಿಲ್ಲುತ್ತಿದ್ದರು, ಅವರಿಗೆ ಹೋಗಬೇಕಾದ ಕಡೆ ಇರಲಿಲ್ಲ. ಮನೆಗೆಲಸ ಇದ್ದ ಹೆಂಗಸರು ಮಾತ್ರ ಬೇಗ ನಡೆಯುತ್ತಿದ್ದರು. ಇದು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ನಾನೂ ಹಾಗೆ ನಡೆಯುತ್ತಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಅವಸರದಲ್ಲಿ ಹೋಗುವಾಗ ನನ್ನ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಕೆಲಸವಿಲ್ಲದವನ ಹತ್ತಿರ ಇರುವುದು ಬಿಡುವಲ್ಲ. ಬಿಡುವು ಎನ್ನಬೇಕಾದರೆ ಅದರ ಆಚೆ ಕೆಲಸ ಇರಬೇಕು.

ಭತ್ಯೆ ಕೊಟ್ಟರೆ ಜನ ಕೆಲಸ ಹುಡುಕುವುದು ನಿಧಾನವಾಗುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಭತ್ಯೆ ಇರುವವರು ಸರಾಸರಿ ಸ್ವಲ್ಪ ಜಾಸ್ತಿ ಕಾಲ ಕೆಲಸವಿಲ್ಲದೆ ಇರುತ್ತಾರೆ ಎಂದು ಹಲವು ಅಧ್ಯಯನಗಳು ಕಂಡಿವೆ. ಆದರೆ ಯಾಕೆ? ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಬಿಡಿಸಿ ನೋಡಿದರು. ಈ ನಿಧಾನದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಆಲಸ್ಯದ್ದಲ್ಲ, ಕೈಯಲ್ಲಿ ಉಳಿತಾಯ ಇಲ್ಲದವರಿಗೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿದ್ದರ ಫಲ ಎಂದು ಅವರು ಕಂಡರು. ಉಳಿತಾಯ ಇರುವವನು ತನಗೆ ಹೊಂದುವ ಕೆಲಸಕ್ಕೆ ಕಾದರೆ ಅವನನ್ನು ಜಾಣ ಎನ್ನುತ್ತೇವೆ. ಉಳಿತಾಯ ಇಲ್ಲದವನು ಭತ್ಯೆಯ ಬಲದಿಂದ ಅದನ್ನೇ ಮಾಡಿದರೆ ಸೋಮಾರಿ ಎನ್ನುತ್ತೇವೆ.

ಹಾಗಾದರೆ ಪಡೆಯುವವನಿಗೆ ಯಾವ ಹೊಣೆಯೂ ಇಲ್ಲವೇ? ಇದೆ. ಈ ವಿಷಯದಲ್ಲಿ ನಾನು ಬಿಗಿಯಾಗಿದ್ದೇನೆ, ನನ್ನ ಹಾಗೆಯೇ ಭತ್ಯೆ ಪಡೆಯುವ ಕೆಲವರಿಗೆ ಇದು ಇಷ್ಟವಾಗದೆ ಹೋಗಬಹುದು.

ಅರ್ಜಿಯಲ್ಲಿ ಸುಳ್ಳು ಬರೆಯಬಾರದು. ಸಣ್ಣ ಸುಳ್ಳೂ ಬೇಡ. ಅದೇ ಸ್ನೇಹಿತ, ನಾನು ಇಲ್ಲ ಎಂದ ಮೇಲೂ ಬೇಜಾರು ಮಾಡಿಕೊಳ್ಳದೆ, ಇನ್ನೊಂದು ಮಾತು ಹೇಳಿದ್ದ. ವಾರಕ್ಕೆ ಎರಡು ದಿನ ಬಂದು ನೇರ ಲೆಕ್ಕವೇ ಬರೆ, ದುಡ್ಡು ಕೈಗೆ ಕೊಡುತ್ತೇನೆ, ಎಲ್ಲೂ ತೋರಿಸುವುದು ಬೇಡ, ಭತ್ಯೆಯೂ ಬರುತ್ತಿರಲಿ ಎಂದು. ಕೆಲಸ ಪ್ರಾಮಾಣಿಕವೇ, ದುಡಿಮೆಯೂ ನನ್ನದೇ. ಆದರೂ ಅದು ತಪ್ಪು. ಕೆಲಸ ಇಲ್ಲ ಎಂದು ಸಹಿ ಮಾಡಿ ಪಡೆದ ಹಣ ಅದು. ಈ ಆಸೆ ಯಾಕೆ ಹುಟ್ಟುತ್ತದೆ ಎಂಬುದನ್ನು ಮಾತ್ರ ಆಳುವವರು ಯೋಚಿಸಬೇಕು. ಎರಡು ದಿನದ ದುಡಿಮೆ ತೋರಿಸಿದರೆ ಪೂರ್ತಿ ಭತ್ಯೆ ನಿಲ್ಲುತ್ತದೆ, ಎರಡು ದಿನದ ದುಡಿಮೆಯಿಂದ ತಿಂಗಳು ಸಾಗುವುದಿಲ್ಲ. ದುಡಿದವನಿಗೇ ನಷ್ಟ ಆಗುವ ಹಾಗೆ ನಿಯಮ ಮಾಡಿ, ಆಮೇಲೆ ಅವನು ದುಡಿಯುವುದಿಲ್ಲ ಎಂದು ದೂರಿದರೆ ಹೇಗೆ?

ಫಿನ್ಲೆಂಡ್ 2017 ಮತ್ತು 2018ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿತು. ಕೆಲಸವಿಲ್ಲದ 2,000 ಜನರನ್ನು ಚೀಟಿ ಎತ್ತಿದ ಹಾಗೆ ಆಯ್ದು, ಯಾವ ಷರತ್ತೂ ಇಲ್ಲದೆ ತಿಂಗಳಿಗೆ 560 ಯೂರೋ ಕೊಟ್ಟರು. ಕೆಲಸ ಸಿಕ್ಕಿದರೂ ಆ ಹಣ ನಿಲ್ಲುತ್ತಿರಲಿಲ್ಲ. ಅವರೆಲ್ಲ ಕಾಲು ಚಾಚಿ ಮಲಗಲಿಲ್ಲ. ಹಳೆಯ ಪದ್ಧತಿಯಲ್ಲೇ ಇದ್ದವರಿಗಿಂತ ಸರಾಸರಿ ಕೆಲವು ದಿನ ಜಾಸ್ತಿಯೇ ಕೆಲಸ ಮಾಡಿದ್ದರು. ವ್ಯತ್ಯಾಸ ಸಣ್ಣದು, ಅದನ್ನು ದೊಡ್ಡದು ಮಾಡಿ ಹೇಳಲಾರೆ. ಆದರೆ ಅವರ ಮನಸ್ಸಿನ ಒತ್ತಡ ಕಡಿಮೆಯಾಗಿತ್ತು, ನಾಳೆಯ ಮೇಲೆ ಭರವಸೆ ಜಾಸ್ತಿ ಇತ್ತು. ನನಗೆ ಇದೇ ದೊಡ್ಡ ವಿಷಯವಾಗಿ ಕಂಡಿತು. ನಾಳೆ ಬಗ್ಗೆ ನಂಬಿಕೆ ಇಲ್ಲದವನು ಸಂದರ್ಶನದಲ್ಲಿ ಎದುರಿಗೆ ಕೂತು ಏನು ಮಾತಾಡಿಯಾನು?

ಹುಡುಕಾಟವೂ ನಿಜವಾಗಿರಬೇಕು. ತೋರಿಕೆಗೆ ನಾಲ್ಕು ಅರ್ಜಿ ಕಳಿಸಿ ಕೈ ತೊಳೆದುಕೊಂಡರೆ ಅದು ಮೋಸವೇ. ಆದರೆ ಸಿಕ್ಕಿದ ಯಾವ ಕೆಲಸವನ್ನಾದರೂ ಒಪ್ಪಲೇಬೇಕೆ ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1952ರ ಸಾಮಾಜಿಕ ಭದ್ರತೆಯ ಒಪ್ಪಂದದಲ್ಲಿ ನಿರುದ್ಯೋಗ ಎಂದರೆ ದುಡಿಯಲು ಶಕ್ತಿಯೂ ಸಿದ್ಧತೆಯೂ ಇದ್ದು ತಕ್ಕ ಕೆಲಸ ಸಿಗದೆ ಸಂಪಾದನೆ ನಿಂತಿರುವುದು ಎಂದಿದೆ. ತಕ್ಕ ಕೆಲಸ, ಈ ಮಾತನ್ನು ಗಮನಿಸಿ. ಮೊದಲ ಕೆಲವು ತಿಂಗಳು ತನ್ನ ಕಸುಬಿನದೇ ಕೆಲಸ ಹುಡುಕುವುದು ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಕಾಲ ಕಳೆದ ಹಾಗೆ ಬಲೆ ಅಗಲ ಮಾಡಬೇಕು. ನಾನು ಈಗ ಲೆಕ್ಕದ ಕೆಲಸ ಮಾತ್ರವಲ್ಲ, ಗೋದಾಮಿನ ದಾಸ್ತಾನು ನೋಡುವ ಕೆಲಸಕ್ಕೂ ಅರ್ಜಿ ಹಾಕುತ್ತಿದ್ದೇನೆ. ಹೊಸ ತಂತ್ರಾಂಶ ಕಲಿಯುತ್ತಿದ್ದೇನೆ, ಈ ವಯಸ್ಸಿನಲ್ಲಿ ಅದು ಕಷ್ಟ, ಆದರೂ ಕಲಿಯುತ್ತಿದ್ದೇನೆ. ಆದರೆ ನ್ಯಾಯವಾದ ಕೂಲಿಯ ಅರ್ಧಕ್ಕೆ ಬಾ ಎಂದು ಕರೆದ ಒಂದು ಕಡೆಗೆ ನಾನು ಹೋಗಲಿಲ್ಲ. ಅದು ನನ್ನೊಬ್ಬನ ಪ್ರಶ್ನೆ ಆಗಿರಲಿಲ್ಲ. ನಾನು ಅರ್ಧಕ್ಕೆ ಹೋದರೆ ಅಲ್ಲಿ ಈಗ ಪೂರ್ತಿ ಕೂಲಿಗೆ ಕೂತಿರುವವನ ಕುರ್ಚಿ ಅಲ್ಲಾಡುತ್ತದೆ. ದುಡಿಯುವವರು ಇದನ್ನು ಯೋಚಿಸಬೇಕು. ಕೆಲಸವಿಲ್ಲದವನು ಹಸಿವಿಗೆ ಹೆದರಿ ಎಷ್ಟಕ್ಕಾದರೂ ಬರುತ್ತೇನೆ ಎನ್ನದೆ ಇರುವ ಹಾಗೆ ಮಾಡುವ ಭತ್ಯೆ, ಕೆಲಸದಲ್ಲಿರುವವರ ಕೂಲಿಯನ್ನೂ ಕಾಯುತ್ತಿದೆ.

ಷರತ್ತು ಮುರಿದವರಿಗೆ ಶಿಕ್ಷೆ ಇರಲಿ. ಎಷ್ಟು ಎಂಬುದಕ್ಕೆ ಮಿತಿ ಬೇಕು. ಜರ್ಮನಿಯ ಸಂವಿಧಾನ ನ್ಯಾಯಾಲಯ 2019ರ ನವೆಂಬರ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ, ಕೆಲಸ ಒಪ್ಪಲಿಲ್ಲ ಎಂಬ ಕಾರಣಕ್ಕೆ ಬದುಕಲು ಬೇಕಾದ ಕನಿಷ್ಠ ಭತ್ಯೆಯಲ್ಲಿ ಶೇ 30ಕ್ಕಿಂತ ಹೆಚ್ಚು ಕತ್ತರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಮನುಷ್ಯನ ಘನತೆಯನ್ನು ಅವನು ದುಡಿದು ಗಳಿಸಬೇಕಾಗಿಲ್ಲ, ಅದು ಇದ್ದೇ ಇರುತ್ತದೆ ಎಂಬುದು ಆ ತೀರ್ಪಿನ ಹಿಂದಿನ ಯೋಚನೆ.

ಸುಳ್ಳು ಹೇಳಿ ಪಡೆಯುವವರ ಬಗ್ಗೆ ಪತ್ರಿಕೆಗಳಲ್ಲಿ ಬಹಳ ಬರುತ್ತದೆ. ಬರಲಿ. ಆದರೆ ಎಲ್ಲರನ್ನೂ ಕಳ್ಳರಂತೆ ನೋಡಲು ಹೊರಟ ಸರ್ಕಾರಗಳು ಏನು ಮಾಡಿದವು ಎಂಬುದೂ ಬರಬೇಕು. ಆಸ್ಟ್ರೇಲಿಯಾದಲ್ಲಿ ರೋಬೋಡೆಟ್ ಎಂದು ಹೆಸರಾದ ವ್ಯವಸ್ಥೆ ಇತ್ತು. ವರ್ಷದ ಒಟ್ಟು ಆದಾಯವನ್ನು ಎರಡೆರಡು ವಾರಗಳ ಲೆಕ್ಕಕ್ಕೆ ಸಮವಾಗಿ ಹಂಚಿ, ನೀನು ಕೆಲಸವಿಲ್ಲ ಎಂದ ದಿನಗಳಲ್ಲೂ ದುಡಿದಿದ್ದೀಯ, ಇಷ್ಟು ಹಣ ವಾಪಸ್ ಕೊಡು ಎಂದು ಲಕ್ಷಾಂತರ ಜನರಿಗೆ ನೋಟಿಸ್ ಹೋಯಿತು. ಆರು ತಿಂಗಳು ದುಡಿದು ಆರು ತಿಂಗಳು ಖಾಲಿ ಇದ್ದವನಿಗೆ ಈ ಸರಾಸರಿ ಏನು ಮಾಡುತ್ತದೆ ಎಂದು ಲೆಕ್ಕ ಗೊತ್ತಿರುವ ಯಾರಾದರೂ ಒಂದು ನಿಮಿಷದಲ್ಲಿ ಹೇಳಿಯಾರು. ನಾನು ಕಿರಿಯರಿಗೆ ಮೊದಲ ವಾರದಲ್ಲೇ ಇಂಥ ತಪ್ಪು ಮಾಡಬೇಡಿ ಎಂದು ಹೇಳಿಕೊಡುತ್ತಿದ್ದೆ. ಅದು ಕಾನೂನಿಗೆ ವಿರುದ್ಧ ಎಂದು ತೀರ್ಮಾನವಾಗಿ ಹಣ ಹಿಂದಿರುಗಿಸಬೇಕಾಯಿತು, 2023ರಲ್ಲಿ ವಿಚಾರಣಾ ಆಯೋಗ ಕಟುವಾದ ವರದಿ ಕೊಟ್ಟಿತು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ತಂದೆತಾಯಿಯರ ಮೇಲೆ ಸುಳ್ಳೇ ವಂಚನೆಯ ಆರೋಪ ಹೊರಿಸಿದ್ದು ಬಯಲಾಗಿ 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಹಂಗಿಲ್ಲದ ಹಣವನ್ನು ಹಂಗಾಗಿ ಮಾಡುವುದು ಇಂಥ ಅನುಮಾನ.

ಕಿಟಕಿಯ ಆಚೆ ಕೂತವರೂ ಅದನ್ನು ಮಾಡುತ್ತಾರೆ. ನಾನು ಅರ್ಜಿ ಕೊಟ್ಟ ಕಡೆ ಒಬ್ಬರು ನನ್ನ ಕಾಗದ ನೋಡಿ, ಇಷ್ಟು ವರ್ಷ ಕೆಲಸ ಮಾಡಿದವರು ನೀವೂ ಇಲ್ಲಿಗೆ ಬಂದಿರಾ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಎಂದು ಗೊತ್ತು. ಆದರೂ ಹಿಂದೆ ನಿಂತಿದ್ದ ಹುಡುಗಿ ತನ್ನ ಕಾಗದಗಳನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಸಾಲಿನಿಂದ ಹೊರಗೆ ಹೋದಳು. ಆಕೆ ಮತ್ತೆ ಬಂದಳೋ ಇಲ್ಲವೋ ಗೊತ್ತಿಲ್ಲ. ಅವಳಿಗೂ ಯಾರಾದರೂ ನೋಡೋಣ ಎನ್ನಬೇಕಾದ ಕೆಲಸ ಹೇಳುತ್ತಿರಬಹುದು.

1948ರ ಮಾನವ ಹಕ್ಕುಗಳ ಘೋಷಣೆಯ 25ನೇ ವಿಧಿಯಲ್ಲಿ ನಿರುದ್ಯೋಗದ ಕಾಲದಲ್ಲಿ ಭದ್ರತೆ ಪಡೆಯುವುದು ಹಕ್ಕು ಎಂದಿದೆ. ನಮ್ಮ ಸಂವಿಧಾನದ 41ನೇ ವಿಧಿಯೂ, ಶಕ್ತಿ ಇದ್ದಷ್ಟರ ಮಟ್ಟಿಗೆ, ನಿರುದ್ಯೋಗ, ಮುಪ್ಪು, ಕಾಯಿಲೆಯಂಥ ಸಂದರ್ಭಗಳಲ್ಲಿ ಸರ್ಕಾರ ನೆರವು ಕೊಡಬೇಕು ಎನ್ನುತ್ತದೆ. ಆ ವಿಧಿಯಲ್ಲಿ ಕೆಲಸದ ಹಕ್ಕು ಮತ್ತು ನೆರವಿನ ಹಕ್ಕು ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕೂತಿವೆ. ಕೆಲಸ ಕೊಡಿ ಎನ್ನುವವನೂ ಭತ್ಯೆ ಕೊಡಿ ಎನ್ನುವವನೂ ಬೇರೆ ಬೇರೆ ಜನ ಎಂದು ನಾವು ಅಂದುಕೊಂಡಿದ್ದೇವೆ. ಅವನು ಒಬ್ಬನೇ.

ಕೆಲಸ ಸಿಕ್ಕ ಮೇಲೆ ಆ ಹಣ ವಾಪಸ್ ಕೊಡುತ್ತೀರಾ ಎಂದು ಆ ಓದುಗರು ಕೇಳಿದ್ದರು. ಕೊಡುತ್ತೇನೆ, ತೆರಿಗೆಯಾಗಿ, ವಂತಿಗೆಯಾಗಿ, ಇಷ್ಟು ದಿನ ಕೊಟ್ಟ ಹಾಗೆಯೇ. ಅದು ಯಾರ ಕೈ ಸೇರುತ್ತದೆ ಎಂದು ನನಗೆ ಗೊತ್ತಾಗುವುದಿಲ್ಲ, ಪಡೆದವರಿಗೂ ನಾನು ಯಾರು ಎಂದು ತಿಳಿಯುವುದಿಲ್ಲ. ಹಾಗೆ ಇರುವುದೇ ಸರಿ. ಅಣ್ಣನ ಸಾಲ ಇನ್ನೂ ಇದೆ, ಅದನ್ನು ಬೇರೆಯಾಗಿ ಬರೆದಿಟ್ಟಿದ್ದೇನೆ. ಅವನ ಮಗಳ ಓದಿನ ವಿಷಯ ಕಳೆದ ತಿಂಗಳು ಅವನ ಹತ್ತಿರ ಮಾತಾಡಿದೆ. ಸ್ವಲ್ಪ ಜೋರಾಗಿಯೇ ಮಾತಾಡಿದೆ.

ನಿಮ್ಮಲ್ಲಿ ಒಂದು ಕೋರಿಕೆ. ಅರ್ಹತೆ ಇಲ್ಲದೆ ಪಡೆದವರು ಎಷ್ಟು ಜನ ಎಂದು ನೀವು ಸುದ್ದಿ ಮಾಡಿದಾಗಲೆಲ್ಲ, ಅರ್ಹತೆ ಇದ್ದೂ ನಾಚಿಕೆಯಿಂದಲೋ ಹೆದರಿಕೆಯಿಂದಲೋ ಅರ್ಜಿ ಹಾಕದವರು ಎಷ್ಟು ಜನ ಎಂದೂ ಅಧಿಕಾರಿಗಳನ್ನು ಕೇಳಿ, ಅವರು ಹೇಳಿದ ಉತ್ತರವನ್ನು ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಿ. ಆ ಪಟ್ಟಿಯಲ್ಲಿ ಐದು ತಿಂಗಳು ನಾನೂ ಇದ್ದೆ.

ಇಂತಿ,
ನಿಮ್ಮ ಒಬ್ಬ ಓದುಗ